ಕನ್ನಡಕ ಬದಲಾಯಿಸುವ ಮುನ್ನ



ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರವನ್ನು ಸ್ವಲ್ಪ ದೂರ ಹಿಡಿಯುತ್ತಿದ್ದೀರಾ? ಸೂಜಿಗೆ ದಾರ ಪೋಣಿಸಲು ಮಗಳನ್ನು ಕೂಗುತ್ತಿದ್ದೀರಾ? ಹಾಗಾದರೆ ನಿಮಗೂ ನನ್ನ ಹಾಗೆ ನಲವತ್ತು ದಾಟಿತು ಎಂದರ್ಥ. ಗಾಬರಿ ಬೇಡ, ಇದು ರೋಗವಲ್ಲ. ಕೂದಲು ನರೆಯುವ ಹಾಗೆ ಕಣ್ಣೊಳಗಿನ ಮಸೂರವೂ ವಯಸ್ಸಿಗೆ ತಕ್ಕಂತೆ ಬಿಗಿಯಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಕನ್ನಡಕ ಹಾಕಿಕೊಂಡರೆ ಸರಿಹೋಯಿತು.

ಆದರೆ ನಾವು ಮಾಡುವುದೇನು? ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿದ್ಧ ಕನ್ನಡಕವೊಂದನ್ನು ಮೂಗಿಗೇರಿಸಿ, "ಕಾಣ್ತದೆ, ಸಾಕು ಬಿಡಿ" ಎಂದು ಮನೆಗೆ ಬರುತ್ತೇವೆ. ಕಾಣುವುದೇನೋ ಕಾಣುತ್ತದೆ. ಆದರೆ ಕಣ್ಣಿನ ಒಳಗೆ ಏನು ನಡೆದಿದೆ ಎಂದು ಯಾರೂ ನೋಡಿರುವುದಿಲ್ಲ. ಈ ಸಲ ಅಡಿಗೆಯನ್ನು ಪಕ್ಕಕ್ಕಿಟ್ಟು ಈ ವಿಷಯ ಬರೆಯುತ್ತಿದ್ದೇನೆ. ಏಕೆಂದರೆ ಇದು ನಮ್ಮ ಮನೆಯಲ್ಲೇ ನಡೆದದ್ದು.

ಅಮ್ಮ ಚೆಲ್ಲಿದ ಹಾಲು

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಲೈನ್ ಮನೆಯಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೆ ನೆಗಡಿ ಬಂದರೂ ಗಣಿ ಆಸ್ಪತ್ರೆಗೆ ಓಡುತ್ತಿದ್ದ ನಮಗೆ ಆ ಆಸರೆ ತಪ್ಪಿತು. ಆಮೇಲೆ ಮೆಡಿಕಲ್ ಶಾಪಿನ ಹುಡುಗನೇ ನಮಗೆಲ್ಲ ಡಾಕ್ಟರು.

ಅಮ್ಮನಿಗೆ ಅರವತ್ತರ ಸುಮಾರಿಗೆ ಕಣ್ಣು ಮಂಜಾಯಿತು. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದೆವು. ಅಂಗಡಿಯಲ್ಲಿ ಪ್ರತಿ ಸಲವೂ ಎರಡು ಕಣ್ಣೂ ತೆರೆದಿರುವಂತೆಯೇ ಅಕ್ಷರದ ಹಲಗೆ ಓದಿಸಿ ನಂಬರು ಬರೆದುಕೊಟ್ಟರು. ಅಮ್ಮ ಓದುತ್ತಲೂ ಇದ್ದರು! ಆದರೆ ಮನೆಯಲ್ಲಿ ನೋಡಿದರೆ ಎಡಗಡೆಯ ಬಾಗಿಲಿಗೆ ಭುಜ ತಾಗಿಸಿಕೊಳ್ಳುವರು. ಒಲೆ ಪಕ್ಕದ ಹಾಲಿನ ಪಾತ್ರೆಗೆ ಕೈ ತಗುಲಿಸಿ ಚೆಲ್ಲುವರು. "ಸ್ವಲ್ಪ ನೋಡ್ಕೊಂಡು ಮಾಡಬಾರದೇನಮ್ಮಾ" ಎಂದು ನಾನು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ. ಕಾಣದೇ ಇರುವುದರಿಂದ ಚೆಲ್ಲುತ್ತಿದೆ ಎಂದು ನನಗೆ ಹೊಳೆಯಲೇ ಇಲ್ಲ.

ನೆರೆಹೊರೆಯವರು, "ಪೊರೆ ಬಂದಿದೆ, ಬಲೀಲಿ, ಆಮೇಲೆ ತೆಗೆಸಿದರಾಯ್ತು" ಎಂದರು. ನಮ್ಮ ಕಡೆ ಕಣ್ಣು ಮಂಜಾದರೆ ಪೊರೆ ಅನ್ನುವುದು ರೂಢಿ. ಡಾ. ಎಂ.ಸಿ. ಮೋದಿಯವರು ಊರೂರಿಗೂ ಹೋಗಿ ಶಿಬಿರ ನಡೆಸಿ, ಪೊರೆ ತೆಗೆದರೆ ದೃಷ್ಟಿ ವಾಪಸು ಬರುತ್ತದೆ ಎಂಬ ಧೈರ್ಯವನ್ನು ನಮ್ಮ ಹಿರಿಯರಿಗೆ ಕೊಟ್ಟರು. 2005ರಲ್ಲಿ ತೀರಿಕೊಂಡ ಆ ಪುಣ್ಯಾತ್ಮರನ್ನು ಹಳ್ಳಿಯವರು ಇಂದಿಗೂ ನೆನೆಯುತ್ತಾರೆ. ನಾವೂ ಅದೇ ಧೈರ್ಯದಲ್ಲಿ ಕಾದು ಕುಳಿತೆವು. ಕಡೆಗೊಂದು ದಿನ ಬೆಳಗಿನ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದಾಗ ತಿಳಿಯಿತು: ಅಮ್ಮನದು ಪೊರೆಯಲ್ಲ, ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನಲ್ಲಿ ನಡುವಿನ ಒಂದಿಷ್ಟು ಉಳಿದಿತ್ತು. "ಹೋದದ್ದು ಬರೋದಿಲ್ಲಮ್ಮ, ಇರೋದನ್ನ ಉಳಿಸಿಕೊಳ್ಳೋಣ" ಎಂದರು ಡಾಕ್ಟರು.

ಏನಿದು ಗ್ಲಾಕೋಮಾ?

ಬಚ್ಚಲುಮನೆಯ ತೂಬಿನಲ್ಲಿ ಕಸ ಸಿಕ್ಕಿಕೊಂಡರೆ ನೀರು ನಿಲ್ಲುತ್ತದಲ್ಲವೇ? ಕಣ್ಣಿನೊಳಗೂ ತೆಳ್ಳನೆಯ ನೀರು ಸದಾ ಹುಟ್ಟಿ, ಸಣ್ಣ ತೂಬಿನ ಮೂಲಕ ಹರಿದುಹೋಗುತ್ತಿರುತ್ತದೆ. ಆ ತೂಬು ಸರಿಯಾಗಿ ಕೆಲಸ ಮಾಡದಿದ್ದರೆ ಒಳಗೆ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಸಾಯುತ್ತದೆ. ಮೊದಲು ಸಾಮಾನ್ಯವಾಗಿ ಪಕ್ಕದ ನೋಟ ಹೋಗುತ್ತದೆ, ನೇರ ನೋಟ ಕಡೆಯವರೆಗೂ ಉಳಿಯುತ್ತದೆ. ಅಪ್ಪ ಹೇಳುತ್ತಿದ್ದರು, ಗಣಿಯೊಳಗೆ ತಲೆಯ ಲ್ಯಾಂಪಿನ ಬೆಳಕು ಬಿದ್ದಷ್ಟೇ ಲೋಕ ಎಂದು. ಅಮ್ಮನ ನೋಟವೂ ಹಾಗೇ ಆಗಿತ್ತು. ಅದಕ್ಕೇ ಅಕ್ಷರ ಓದುತ್ತಿದ್ದರು, ಹಾಲು ಚೆಲ್ಲುತ್ತಿದ್ದರು.

ಇದರಲ್ಲಿ ಹೆಚ್ಚಿನವು ನೋವಿಲ್ಲದೆ ಬರುತ್ತವೆ. ಇನ್ನೊಂದು ಬಗೆಯದು ಹಠಾತ್ತನೆ ಬರುತ್ತದೆ, ಅದೂ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ತಲೆ ಸಿಡಿಯುವ ನೋವು, ಕೆಂಪು ಕಣ್ಣು, ದೀಪದ ಸುತ್ತ ಬಣ್ಣದ ಬಳೆ, ಮಂಜು ನೋಟ, ವಾಂತಿ. ನಾವು "ಪಿತ್ತ ಕೆರಳಿದೆ" ಎಂದು ನಿಂಬೆಹಣ್ಣಿನ ಪಾನಕ ಕುಡಿದು ಕತ್ತಲಲ್ಲಿ ಮಲಗಿಬಿಡುತ್ತೇವೆ. ಹಾಗೆ ಮಾಡಲೇಬೇಡಿ! ತಲೆನೋವಿನ ಜೊತೆ ಕಣ್ಣು ಕೆಂಪಾಗಿ ನೋಟ ಮಂಜಾದರೆ ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ. ತಡವಾದರೆ ಆ ಕಣ್ಣೇ ಹೋಗಬಹುದು.

ಯಾರು ಯಾರು?

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸಿಕೊಡುವವರು ಆಪ್ಟಿಶಿಯನ್. ನಾಲ್ಕು ವರ್ಷದ ಪದವಿ ಓದಿ, ನಂಬರು ನೋಡುವುದರ ಜೊತೆಗೆ ಕಣ್ಣಿನ ಒತ್ತಡ ಅಳೆದು, ರೋಗದ ಅನುಮಾನ ಬಂದರೆ ಡಾಕ್ಟರ ಬಳಿ ಕಳಿಸುವವರು ಆಪ್ಟೋಮೆಟ್ರಿಸ್ಟ್. ಎಂ.ಬಿ.ಬಿ.ಎಸ್. ಮುಗಿಸಿ ಕಣ್ಣಿನ ವಿಷಯವನ್ನೇ ಮತ್ತೆ ಓದಿ, ಔಷಧ ಕೊಟ್ಟು ಆಪರೇಷನ್ ಮಾಡುವವರು ನೇತ್ರತಜ್ಞರು. ಮೂವರ ಕೆಲಸವೂ ಬೇಕಾದದ್ದೇ. ಆದರೆ ಬಿಳಿ ಕೋಟು ಹಾಕಿದವರೆಲ್ಲ ಒಂದೇ ಅಲ್ಲ. ಆಪ್ಟೋಮೆಟ್ರಿಸ್ಟರೂ ಸೇರಿದಂತೆ ಹಲವು ಆರೋಗ್ಯ ವೃತ್ತಿಯವರನ್ನು ನೋಂದಣಿಗೆ ತರಲು 2021ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿದೆ. "ನೀವೇನು ಓದಿದ್ದೀರಿ?" ಎಂದು ಕೇಳಲು ಸಂಕೋಚ ಬೇಡ. ಸೀರೆ ಕೊಳ್ಳುವಾಗ ಬಣ್ಣ ಹೋಗುತ್ತದೆಯೇ ಎಂದು ಹತ್ತು ಸಲ ಕೇಳುವವರು ನಾವು!

ಮರೆಯದೆ ಮಾಡಿಸಿ

1. ನಲವತ್ತಾದ ಮೇಲೆ ಕನ್ನಡಕದ ನಂಬರಿನ ಜೊತೆ ಕಣ್ಣಿನ ಒತ್ತಡವನ್ನೂ ನೋಡಿಸಿ. ಸಾಮಾನ್ಯವಾಗಿ ಅದು 10ರಿಂದ 21ರ ಒಳಗಿರುತ್ತದೆ. ಇದು ಬೇರೆ, ಬಿ.ಪಿ. ಬೇರೆ.

2. ಒತ್ತಡ ಸರಿಯಿದ್ದರೂ ಕೆಲವರಿಗೆ ನರ ಕೆಡುತ್ತದೆ. ಆದ್ದರಿಂದ "ಒಳಗಿನ ನರ ನೋಡಿದಿರಾ?" ಎಂದು ಕೇಳಿ. ಪಾಪೆ ಅಗಲವಾಗಲು ಹನಿ ಹಾಕಿದರೆ ಕೆಲವು ಗಂಟೆ ಮಂಜಾಗಿರುತ್ತದೆ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

3. ತಾಯಿ, ತಂದೆ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಿಮಗೂ ಬರುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಪರದೆಯನ್ನೂ ತೋರಿಸಲೇಬೇಕು.

4. ನಮ್ಮಲ್ಲಿ ಗಾಳಿ ಎದ್ದರೆ ಸೈನೈಡ್ ಗುಡ್ಡದ ಧೂಳು ಮನೆಯೊಳಗೇ ಬರುತ್ತದೆ. ಮಕ್ಕಳ ಕಣ್ಣು ತುರಿಸುತ್ತದೆ. ಶುದ್ಧ ನೀರಿನಲ್ಲಿ ತೊಳೆಯಿರಿ, ಉಜ್ಜಲು ಬಿಡಬೇಡಿ. ಹರಳೆಣ್ಣೆ, ಎದೆಹಾಲು ಬಿಡಬೇಡಿ. ಚೀಟಿಯಿಲ್ಲದೆ ಅಂಗಡಿಯಿಂದ ತರುವ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಂಪು ಬೇಗ ಇಳಿಯುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಹಾಕಿದರೆ ಅದರಿಂದಲೇ ಒತ್ತಡ ಏರಬಹುದು, ಪೊರೆ ಬರಬಹುದು.

5. ಪೊರೆಯೇ ಆಗಿದ್ದರೂ ಈಗ "ಬಲಿಯಲಿ" ಎಂದು ಕಾಯಬೇಕಿಲ್ಲ. ಕೆಲಸಕ್ಕೆ ತೊಂದರೆಯಾಗುವಷ್ಟು ಮಂಜಾದರೆ ತೆಗೆಸಬಹುದು.

6. ನುಗ್ಗೆಸೊಪ್ಪು, ಕ್ಯಾರೆಟ್, ಪಪಾಯಿ ಕಣ್ಣಿಗೆ ಒಳ್ಳೆಯದೇ, ಇರುಳುಗುರುಡಿಗೆ ತಡೆ. ಆದರೆ ಗ್ಲಾಕೋಮಾವನ್ನು ಸೊಪ್ಪು ತಡೆಯುವುದಿಲ್ಲ.

ನಮ್ಮ ಭಾಗದವರು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನೂರು ವರ್ಷಕ್ಕೂ ಹಳೆಯ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಬಂಗಾರಪೇಟೆಯಿಂದ ರೈಲಿಗೇನು ಬರವಿಲ್ಲ. ಒಂದು ದಿನದ ಅಡಿಗೆ ಹಿಂದಿನ ರಾತ್ರಿಯೇ ಮಾಡಿಟ್ಟು ಹೊರಟುಬಿಡಿ.

ಹನಿ ಹಾಕುವ ಕ್ರಮ

ಕೈ ತೊಳೆದು, ಕೆಳರೆಪ್ಪೆ ಎಳೆದು, ಒಂದೇ ಹನಿ. ಶೀಶೆಯ ಮೂತಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ತೆರೆದ ಶೀಶೆಯನ್ನು ಎಷ್ಟು ದಿನ ಬಳಸಬಹುದು ಎಂದು ಕೇಳಿಕೊಳ್ಳಿ, ಸಾಮಾನ್ಯವಾಗಿ ಒಂದು ತಿಂಗಳು. ಉಬ್ಬಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಕೆಲವು ಹನಿ ಅವರಿಗೆ ಆಗುವುದಿಲ್ಲ. "ಚೆನ್ನಾಗಿ ಕಾಣ್ತದಲ್ಲ" ಎಂದು ನಡುವೆ ನಿಲ್ಲಿಸಬೇಡಿ. ಹನಿಯಿಂದ ನೋಟ ಹೆಚ್ಚಾಗುವುದಿಲ್ಲ, ಇದ್ದದ್ದು ಉಳಿಯುತ್ತದೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಅಮ್ಮನನ್ನು ತೋರಿಸಿದ ದಿನವೇ ಡಾಕ್ಟರು ನನ್ನ ಕಣ್ಣನ್ನೂ ನೋಡಿದರು. ಬಲಗಣ್ಣಿನ ಒತ್ತಡ ಹೆಚ್ಚಿತ್ತು, ನರಕ್ಕೆ ಆಗಷ್ಟೇ ಪೆಟ್ಟು ತಗುಲಲು ಶುರುವಾಗಿತ್ತು. ನನಗೆ ಏನೊಂದೂ ಗೊತ್ತಾಗಿರಲಿಲ್ಲ! ಅಂದಿನಿಂದ ರಾತ್ರಿ ಒಂದು ಹನಿ, ನೋಟ ಹಾಗೇ ನಿಂತಿದೆ. ನನ್ನ ತಂಗಿ ಮಾತ್ರ "ನಂಗೇನಾಗಿದೆ, ಚೆನ್ನಾಗೇ ಕಾಣ್ತದೆ" ಎಂದು ಇನ್ನೂ ಹೋಗಿಲ್ಲ. ಈ ಸಂಚಿಕೆ ಅವಳ ಮನೆಗೂ ಬರುತ್ತದೆ, ಓದಲಿ ಎಂದೇ ಬರೆದಿದ್ದೇನೆ.

ಈಗ ಹಾಲಿನ ಪಾತ್ರೆಯನ್ನು ಅಮ್ಮನ ಬಲಗಡೆಗೇ ಇಡುತ್ತೇನೆ. ಮನೆಯಲ್ಲಿ ಹಿರಿಯರು ಏನಾದರೂ ಚೆಲ್ಲಿದರೆ ರೇಗಬೇಡಿ ಸೋದರಿಯರೇ, ಕಣ್ಣು ತೋರಿಸಿ. ಅವರ ಜೊತೆ ನಿಮ್ಮದನ್ನೂ.