ಸೀನಿದವರೆಲ್ಲರೂ ಅಂಟುರೋಗಿಗಳೇ?

ಹೂಮಳೆ ಬಿದ್ದು ಕೊಡಗಿನ ಕಾಫಿತೋಟಗಳು ಬೆಳ್ಳಗೆ ಅರಳುವ ಕಾಲದಲ್ಲಿ, ಸೀನಿದವನನ್ನು ಕಂಡು ನೆರೆಯವರು ದೂರ ಸರಿಯುವುದುಂಟು. 2020ರ ಮಾರ್ಚಿಯಲ್ಲಿ ಈ ಜಿಲ್ಲೆಗೆ ಕೋವಿಡ್ ಕಾಲಿಟ್ಟುದನ್ನು ಕಂಡವರಿಗೆ ಈ ಭೀತಿಯು ಸಹಜವೇ ಸರಿ. ಆದರೆ ಭೀತಿಯು ವಿವೇಕದ ಸ್ಥಾನವನ್ನು ಆಕ್ರಮಿಸಬಾರದೆಂಬುದು ನಮ್ಮ ಅಭಿಪ್ರಾಯ.

ಹೂವಿನ ಪರಾಗ, ಬೂಷ್ಟು, ಹಸಿ ಕಾಫಿಬೀಜದ ಧೂಳು ಮೊದಲಾದವು ಒಗ್ಗದೆ ಬರುವ ನೆಗಡಿಯಲ್ಲಿ ಕಣ್ಣುಮೂಗುಗಳು ತುರಿಸುತ್ತವೆ, ತಿಳಿನೀರು ಸುರಿಯುತ್ತದೆ, ಜ್ವರವಿರುವುದಿಲ್ಲ. ಅದು ವಾರಗಟ್ಟಲೆ ಪೀಡಿಸಿದರೂ ಮತ್ತೊಬ್ಬರಿಗೆ ಅಂಟದು. ಇನ್‌ಫ್ಲುಯೆಂಜ, ಕೋವಿಡ್‌ಗಳಲ್ಲಾದರೋ ಸಾಮಾನ್ಯವಾಗಿ ಜ್ವರ, ಮೈಕೈನೋವು, ಗಂಟಲುನೋವುಗಳು ತೋರುತ್ತವೆ. ಮನೆಯಲ್ಲಿ ಒಬ್ಬರ ತರುವಾಯ ಒಬ್ಬರು ಹಾಸಿಗೆ ಹಿಡಿಯುವರು. ಲಕ್ಷಣಗಳು ಬೆರೆತು ಸಂಶಯ ಹುಟ್ಟಿದಲ್ಲಿ ಪರೀಕ್ಷೆಯೇ ಪ್ರಮಾಣ.

ಅತಿಭೀತಿಯಂತೆಯೇ ಅಲಕ್ಷ್ಯವೂ ಅಪಾಯಕರ. ಎರಡು ವಾರ ಮೀರಿದ ಕೆಮ್ಮನ್ನು ‘ಧೂಳಿನದು’ ಎಂದು ತಳ್ಳಿಹಾಕುವ ಲೈನ್‌ಮನೆಯ ಕೂಲಿಗಾರನ ಎದೆಯಲ್ಲಿ ಕ್ಷಯವು ಅಡಗಿರಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಕಫಪರೀಕ್ಷೆಯೂ ಕ್ಷಯದ ಔಷಧಿಯೂ ಉಚಿತ; ಆದರೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳಲಾರದವನಿಗೆ ಉಚಿತವೂ ದುಬಾರಿಯೇ. ಆದಕಾರಣ ತೋಟದ ಮಾಲಿಕರು ಆ ದಿನದ ಕೂಲಿಯನ್ನು ಕಡಿಯದೆ ಅವನನ್ನು ಆಸ್ಪತ್ರೆಗೆ ಕಳುಹಿಸಲಿ. ಆರೋಗ್ಯಾಧಿಕಾರಿಗಳು ಲೈನ್‌ಮನೆಗಳ ಬಾಗಿಲಿಗೇ ಹೋಗಲಿ. ಸೀನನ್ನು ಕಂಡು ಓಡುವ ನಾವು ಕೆಮ್ಮನ್ನು ಕೇಳಿಯೂ ಕೇಳದವರಂತಿರುವುದು ನ್ಯಾಯವಲ್ಲ.