ಡ್ರಾಯರ್ ಸದ್ದಿಗೆ ಅಡುಗೆ ಮಾಡುವವರನ್ನು ದೂರಬೇಡಿ

ಬೆಳಗಿನ ಜಾವ ಅಡುಗೆಮನೆಯ ಡ್ರಾಯರ್ ಢಬ್ ಎಂದು ಮುಚ್ಚಿಕೊಂಡರೆ ಒಳಕೋಣೆಯಿಂದ ‘ಸ್ವಲ್ಪ ಮೆಲ್ಲಗೆ ಹಾಕಬಾರದೇ’ ಎಂಬ ಮಾತು ಬರುತ್ತದೆ. ಇನ್ನೊಂದೆರಡು ಸಲ ಅದೇ ಸದ್ದು ಕೇಳಿದರೆ ‘ಇವತ್ತು ಯಾಕೋ ಸಿಟ್ಟಿನಲ್ಲಿದ್ದಾರೆ’ ಎಂದು ಮನೆಯವರು ತೀರ್ಮಾನಿಸಿಯೇಬಿಡುತ್ತಾರೆ. ಸದ್ದಿನ ಅಪವಾದ ಯಾವಾಗಲೂ ಅಡುಗೆ ಮಾಡುವವರ ತಲೆಗೇ ಬರುತ್ತದೆ. ಆ ಡ್ರಾಯರನ್ನು ಕೂರಿಸಿದವರನ್ನಾಗಲಿ, ಅದಕ್ಕೆ ಹಾಕಿದ ಚಾನೆಲ್ಲನ್ನಾಗಲಿ ಯಾರೂ ದೂರುವುದಿಲ್ಲ. ಹೀಗೆ ದೂರುವುದು ಅನ್ಯಾಯ. ಡ್ರಾಯರ್ ಕೆಲಸ ಮಾಡುವ ಬಗೆಯನ್ನು ನೋಡಿದರೆ ಅದು ತಪ್ಪು ತಿಳಿವಳಿಕೆ ಕೂಡ. ಸದ್ದು ಮಾಡುವ ಡ್ರಾಯರನ್ನು ಸರಿಪಡಿಸಬೇಕಾದದ್ದು ಸ್ಕ್ರೂಡ್ರೈವರ್ ಹಿಡಿದು. ಬುದ್ಧಿಮಾತಿನಿಂದ ಅದು ಸರಿಹೋಗುವುದಿಲ್ಲ.

ಹಿಂದೆ ನಮ್ಮ ಅಡುಗೆಮನೆಗಳಲ್ಲಿ ಡ್ರಾಯರ್ ಇರುತ್ತಿದ್ದುದೇ ಅಪರೂಪ. ತಟ್ಟೆ, ಲೋಟಗಳು ಗೋಡೆಗೆ ತೂಗುಹಾಕಿದ ಸ್ಟೀಲ್ ಸ್ಟ್ಯಾಂಡಿನಲ್ಲಿ, ಡಬ್ಬಿಗಳು ಶೆಲ್ಫಿನ ಮೇಲೆ ಇರುತ್ತಿದ್ದವು. ಮಾಡ್ಯುಲರ್ ಕಿಚನ್ ಬಂದ ಮೇಲೆ ಇವೆಲ್ಲ ಗ್ರಾನೈಟ್ ಕಟ್ಟೆಯ ಕೆಳಗಿನ ಟ್ರಾಲಿಗಳಿಗೆ ಇಳಿದವು. ತಂತಿಬುಟ್ಟಿಯಾಗಲಿ, ಪ್ಲೈವುಡ್ ಡ್ರಾಯರಾಗಲಿ, ಬಹುಪಾಲು ಓಡುವುದು ಟೆಲಿಸ್ಕೋಪಿಕ್ ಚಾನೆಲ್ ಮೇಲೆ. ಒಂದರೊಳಗೊಂದು ಜಾರುವ ಉಕ್ಕಿನ ಪಟ್ಟಿಗಳು, ಅವುಗಳ ನಡುವೆ ಸಾಲು ಸಾಲು ಸಣ್ಣ ಗುಂಡುಗಳು. ಈ ಗುಂಡುಗಳ ಗುಣವೇ ಇಲ್ಲಿ ದೋಷವಾಗುತ್ತದೆ. ಹತ್ತಾರು ಕಿಲೋ ಭಾರವನ್ನೂ ಒಂದು ಬೆರಳಿನಿಂದ ತಳ್ಳಬಹುದು, ಆದರೆ ತಳ್ಳಿದ ಮೇಲೆ ದಾರಿಯಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಪಾತ್ರೆಯೂ ಸೇರಿ 12 ಕಿಲೋ ತೂಗುವ ಡ್ರಾಯರ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬಂತು ಎಂದುಕೊಳ್ಳಿ. ಅದು ಹೊತ್ತು ತರುವ ಶಕ್ತಿ ಒಂದೂವರೆ ಜೌಲ್ ಮಾತ್ರ. ಅಷ್ಟನ್ನೂ ಒಂದು ಮಿಲಿಮೀಟರಿನೊಳಗೆ ನಿಲ್ಲಿಸಬೇಕಾದರೆ ಆ ಕ್ಷಣದಲ್ಲಿ ಬೀಳುವ ಒತ್ತಡ ಸುಮಾರು 150 ಕಿಲೋ ತೂಕಕ್ಕೆ ಸಮ. ಅದೇ ಡ್ರಾಯರನ್ನು ನಾಲ್ಕು ಸೆಂಟಿಮೀಟರಿನಷ್ಟು ದೂರ ಮೆಲ್ಲನೆ ತಡೆಯುತ್ತ ನಿಲ್ಲಿಸಿದರೆ ಒತ್ತಡ ನಾಲ್ಕು ಕಿಲೋಗೂ ಕಡಿಮೆ. ತಳ್ಳಿದ ಕೈ ಅದೇ, ತಳ್ಳಿದ ಬಲವೂ ಅಷ್ಟೇ. ಒಂದು ಕಡೆ ಢಬ್ ಎನ್ನುತ್ತದೆ, ಇನ್ನೊಂದು ಕಡೆ ಸದ್ದೇ ಇರುವುದಿಲ್ಲ. ವ್ಯತ್ಯಾಸ ಇರುವುದು ನಿಲ್ಲುವ ದೂರದಲ್ಲಿ.

‘ಕೈಯಲ್ಲಿ ಹಿಡಿದು ನಿಧಾನಕ್ಕೆ ಮುಚ್ಚಿದರೆ ಆಯಿತಲ್ಲ, ಇದಕ್ಕೇಕೆ ಇಷ್ಟು ಲೆಕ್ಕ’ ಎಂದು ಕೇಳುವವರಿದ್ದಾರೆ. ಅವರು ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿದೆ, ಒಂದು ಕೈಯಲ್ಲಿ ಬಾಣಲೆಯ ಹಿಡಿ, ಇನ್ನೊಂದರಲ್ಲಿ ಡ್ರಾಯರಿನಿಂದ ತೆಗೆದ ಸೌಟು. ಡ್ರಾಯರ್ ಮುಚ್ಚಲು ಉಳಿದಿರುವುದು ಮೊಣಕಾಲು ಅಥವಾ ಸೊಂಟ. ಕೈ ಖಾಲಿಯಿದ್ದಾಗಲೂ ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ವಸ್ತುವಿಗೆ ಪ್ರತಿ ಸಲವೂ ಗಮನ ಕೊಡಿ ಎನ್ನುವುದು ಆಗುಹೋಗುವ ಮಾತಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ದಿನಕ್ಕೆ ಐದು ಗಂಟೆ ದುಡಿಯುವವರ ಮೇಲೆ ಡ್ರಾಯರಿನ ಕೊರತೆಯನ್ನೂ ಹೊರಿಸಿ, ಅದನ್ನು ಅವರ ಸ್ವಭಾವವೆಂದು ಕರೆಯುತ್ತಿದ್ದೇವೆ. ಕಾರ್ಖಾನೆಯಲ್ಲಿ ಯಂತ್ರ ಸದ್ದು ಮಾಡಿದರೆ ಯಂತ್ರವನ್ನು ಪರೀಕ್ಷಿಸುತ್ತಾರೆ. ಮನೆಯಲ್ಲಿ ಮಾತ್ರ ಕೆಲಸ ಮಾಡುವವರನ್ನು ಪರೀಕ್ಷಿಸುತ್ತೇವೆ.

ಪರಿಹಾರ ಹೊಸದೇನಲ್ಲ. ಆಸ್ಟ್ರಿಯಾದ ಬ್ಲುಮ್ ಕಂಪನಿ ತನ್ನ ಬ್ಲುಮೋಷನ್ ಡ್ಯಾಂಪರನ್ನು ಮಾರುಕಟ್ಟೆಗೆ ತಂದದ್ದು 2001ರಲ್ಲಿ. ಇಂದು ನಮ್ಮ ಬಡಗಿಗಳೂ ಅಂಗಡಿಯವರೂ ‘ಸಾಫ್ಟ್ ಕ್ಲೋಸ್’ ಎನ್ನುವ ವ್ಯವಸ್ಥೆಯನ್ನು ದೇಶಿ ಕಂಪನಿಗಳೂ ಮಾಡುತ್ತವೆ. ಅದರೊಳಗೆ ಒಂದು ಸಣ್ಣ ಸಿಲಿಂಡರ್, ಅದರಲ್ಲಿ ದಪ್ಪನೆಯ ಎಣ್ಣೆ, ಎಣ್ಣೆಯಲ್ಲಿ ಚಲಿಸುವ ಪಿಸ್ಟನ್ ಇರುತ್ತವೆ. ಡ್ರಾಯರ್ ಎಷ್ಟು ವೇಗವಾಗಿ ಬಂದರೆ ಎಣ್ಣೆ ಅಷ್ಟು ಗಟ್ಟಿಯಾಗಿ ತಡೆಯುತ್ತದೆ. ಮೆಲ್ಲಗೆ ಬಂದರೆ ಸುಮ್ಮನೆ ಬಿಟ್ಟುಕೊಡುತ್ತದೆ. ಕೊನೆಯ ಅಂಗುಲವನ್ನು ಒಂದು ಸ್ಪ್ರಿಂಗ್ ಒಳಗೆಳೆದುಕೊಳ್ಳುತ್ತದೆ. ಎರಡು ದಶಕ ಹಳೆಯದಾದ ಈ ಉಪಾಯವನ್ನು ಇಂದಿಗೂ ಇಂಟೀರಿಯರ್ ಕೊಟೇಶನ್ನುಗಳಲ್ಲಿ ‘ಪ್ರೀಮಿಯಂ’ ಎಂಬ ಹೆಸರಿನಲ್ಲಿ, ಬೇಕಿದ್ದರೆ ಹಾಕಿಸಿಕೊಳ್ಳಬಹುದಾದ ಅಲಂಕಾರದಂತೆ ತೋರಿಸುತ್ತಾರೆ. ಲ್ಯಾಮಿನೇಟಿನ ಹೊಳಪಿಗೆ ಸಾವಿರಗಟ್ಟಲೆ ಸುರಿಯುವ ಮನೆಯವರು ಜೋಡಿಗೆ ಕೆಲವು ನೂರು ರೂಪಾಯಿ ಹೆಚ್ಚಾಗುವ ಚಾನೆಲ್ಲನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಹೊಳಪು ಅತಿಥಿಗಳಿಗೆ ಕಾಣುತ್ತದೆ, ಚಾನೆಲ್ ಕಾಣುವುದಿಲ್ಲ.

ರಸ್ತೆಯಲ್ಲಿ ಹಾರ್ನ್, ಪಕ್ಕದ ಸೈಟಿನಲ್ಲಿ ಬೋರ್‌ವೆಲ್, ಬೀದಿಯಲ್ಲಿ ಧ್ವನಿವರ್ಧಕ ಇರುವಾಗ ಡ್ರಾಯರಿನ ಸದ್ದು ಯಾವ ಲೆಕ್ಕ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಎರಡೂ ಒಂದೇ ಬಗೆಯ ಸದ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಇದು ಹೊತ್ತಿನ ಉದ್ದಕ್ಕೂ ತೆಗೆದ ಸರಾಸರಿ. ಅರೆ ಕ್ಷಣದ ಬಡಿತ ಅದರಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ, ನಿದ್ದೆ ಕೆಡಿಸುವುದು ಮಾತ್ರ ಅದೇ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಮಲಗುವ ಕೋಣೆಗೆ ಸರಾಸರಿ 30 ಡೆಸಿಬೆಲ್ ಎಂದು ಹೇಳಿ ಸುಮ್ಮನಾಗಲಿಲ್ಲ, ಬಿಡಿ ಬಿಡಿ ಸದ್ದುಗಳೂ 45 ದಾಟಬಾರದು ಎಂದಿತು. ಮೇಲಾಗಿ ಹಾರ್ನಿನ ಸದ್ದನ್ನು ಕಿಟಕಿ ಮುಚ್ಚಿ ತಕ್ಕಮಟ್ಟಿಗೆ ತಡೆಯಬಹುದು. ಡ್ರಾಯರಿನ ಬಡಿತ ಪ್ಲೈವುಡ್ ಪೆಟ್ಟಿಗೆಯಿಂದ ಗ್ರಾನೈಟಿಗೆ, ಗ್ರಾನೈಟಿನಿಂದ ಗೋಡೆಗೆ, ಗೋಡೆಯಿಂದ ಕಾಂಕ್ರೀಟ್ ಚಪ್ಪಡಿಗೆ ಇಳಿದು ಗಟ್ಟಿ ವಸ್ತುವಿನೊಳಗೇ ಹರಿಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮಲಗುವವರು, ಹಸುಗೂಸುಗಳು, ಪಿಯುಸಿ ಪರೀಕ್ಷೆಗೆ ಓದುವವರು ಒಂದೇ ಗೋಡೆಯ ಆಚೀಚೆ ಇರುತ್ತಾರೆ. ರಸ್ತೆಯ ಸದ್ದು ನಮ್ಮ ಕೈಮೀರಿದ್ದು. ಡ್ರಾಯರ್ ನಮ್ಮ ಕೈಯಲ್ಲೇ ಇದೆ.

ಅಡುಗೆಮನೆಯೆಂದರೆ ಸದ್ದು ಇದ್ದೇ ಇರುತ್ತದೆ, ಅದು ಮನೆಗೆ ಕಳೆ ಎನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಕುಕ್ಕರಿನ ಸೀಟಿ ಬೇಳೆ ಬೆಂದದ್ದನ್ನು ಹೇಳುತ್ತದೆ, ಒಗ್ಗರಣೆಯ ಚಟಪಟ ಕರಿಬೇವು ಹಾಕುವ ಹೊತ್ತನ್ನು ಹೇಳುತ್ತದೆ. ಡ್ರಾಯರಿನ ಢಬ್‌ನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಈಗಿರುವ ಡ್ರಾಯರಿಗೂ ಮಾಡಬಹುದಾದದ್ದು ಬಹಳ ಇದೆ, ಅದರಲ್ಲಿ ಹೆಚ್ಚಿನದಕ್ಕೆ ಬಡಗಿಯೂ ಬೇಕಿಲ್ಲ. ಮೊದಲು ಸದ್ದು ಎಲ್ಲಿಂದ ಬರುತ್ತದೆಂದು ಕಿವಿಗೊಟ್ಟು ಕೇಳಬೇಕು. ಮುಂಭಾಗದ ಹಲಗೆ ಚೌಕಟ್ಟಿಗೆ ಬಡಿಯುವುದು ಬೇರೆ, ಚಾನೆಲ್ಲಿನ ತುದಿಯಲ್ಲಿ ಲೋಹಕ್ಕೆ ಲೋಹ ತಾಗುವುದು ಬೇರೆ, ಒಳಗಿನ ಪಾತ್ರೆಗಳು ಒಂದಕ್ಕೊಂದು ಗುದ್ದುವುದು ಬೇರೆ. ಹಲಗೆ ಬಡಿಯುತ್ತಿದ್ದರೆ ಅದು ತಾಗುವ ಕಡೆ, ಚೌಕಟ್ಟಿನ ಮೇಲಿನ ಎರಡು ಮೂಲೆಗಳಿಗೆ ಅಂಟಿನ ಸಿಲಿಕೋನ್ ಬೊಟ್ಟುಗಳನ್ನು ಹಚ್ಚಿದರೆ ಸಾಕು. ಜಿಡ್ಡು ಒರೆಸಿ, ಒಣಗಿಸಿದ ಮೇಲೆ ಅಂಟಿಸಬೇಕು, ಇಲ್ಲದಿದ್ದರೆ ವಾರದೊಳಗೆ ಉದುರುತ್ತವೆ. ತುಂಬಾ ದಪ್ಪದವನ್ನು ಹಾಕಿದರೆ ಡ್ರಾಯರ್ ಪೂರ್ತಿ ಮುಚ್ಚದೆ ಸಂದು ಉಳಿಯುತ್ತದೆ. ಲೋಹದ ಸದ್ದಾದರೆ ಡ್ರಾಯರನ್ನು ಪೂರ್ತಿ ಹೊರಗೆಳೆಯಬೇಕು. ಎರಡೂ ಬದಿಯ ಚಾನೆಲ್ಲಿನಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಕೊಂಡಿ ಇರುತ್ತದೆ. ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಿದರೆ ಡ್ರಾಯರ್ ಕೈಗೆ ಬರುತ್ತದೆ. ಗುಂಡುಗಳ ಸಾಲಿನಲ್ಲಿ ಹಿಟ್ಟು, ಎಣ್ಣೆ, ಧೂಳು ಸೇರಿ ಕಪ್ಪು ಮಡ್ಡಿ ಕಟ್ಟಿದ್ದರೆ ಒರೆಸಬೇಕು. ಅದರ ಮೇಲೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ನಾಲ್ಕು ದಿನ ಸಲೀಸಾಗಿ ಓಡಿ, ಆಮೇಲೆ ಅದೇ ಎಣ್ಣೆ ಅಂಟಾಗಿ ಇನ್ನಷ್ಟು ಧೂಳು ಹಿಡಿಯುತ್ತದೆ. ಸ್ಕ್ರೂ ಸಡಿಲವಾಗಿ ತೂತು ದೊಡ್ಡದಾಗಿದ್ದರೆ ಮರದ ಸೀಳಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಮತ್ತೆ ಬಿಗಿಯಬೇಕು. ಪಾತ್ರೆಗಳ ಸದ್ದಿಗೆ ತಳದಲ್ಲೊಂದು ರಬ್ಬರ್ ಮ್ಯಾಟ್ ಮತ್ತು ಚಮಚಗಳು ಹಿಂದೆಮುಂದೆ ಜಾರದಂತೆ ಅಡ್ಡಪಟ್ಟಿ ಸಾಕು.

ಸಾಫ್ಟ್ ಕ್ಲೋಸ್ ಬೇಗ ಕೆಡುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಕೆಟ್ಟ ಚಾನೆಲ್ಲುಗಳ ಕಥೆ ಕೆದಕಿದರೆ ಅನೇಕ ಕಡೆ ಸಿಗುವುದು ಮಿತಿಮೀರಿದ ಭಾರ, ಇಲ್ಲವೇ ಒಂದು ಬದಿ ಮೇಲು, ಒಂದು ಬದಿ ಕೆಳಗಾಗಿ ಕೂರಿಸಿದ ಜೋಡಣೆ. ಚಾನೆಲ್ಲಿಗೆ ಇಷ್ಟು ಕಿಲೋ ಎಂದು ತಯಾರಕರು ಬರೆದಿರುತ್ತಾರೆ. ಡ್ರಾಯರಿನ ಸ್ವಂತ ತೂಕವೂ ಅದರಲ್ಲೇ ಸೇರಿದೆ. ದಪ್ಪ ತಳದ ಪಾತ್ರೆ, ಕಬ್ಬಿಣದ ಕಾವಲಿಗಳನ್ನು ತುಂಬುವ ಡ್ರಾಯರಿಗೆ ಹೆಚ್ಚು ಭಾರ ಹೊರುವ ಚಾನೆಲ್ಲನ್ನೇ ಕೇಳಿ ತರಬೇಕು. ಸಾಮಾನ್ಯ ಚಾನೆಲ್ಲಿಗೂ ಅದೇ ಮಾದರಿಯ ಸಾಫ್ಟ್ ಕ್ಲೋಸಿಗೂ ಪ್ರತಿ ಬದಿಯಲ್ಲಿ ಬೇಕಾಗುವ ಸಂದು ಸಾಮಾನ್ಯವಾಗಿ ಒಂದೇ, ಹೆಚ್ಚುಕಡಿಮೆ ಅರ್ಧ ಇಂಚು. ಹಾಗಾಗಿ ಎಷ್ಟೋ ಸಲ ಡ್ರಾಯರನ್ನು ಹೊಸದಾಗಿ ಮಾಡಿಸದೆ ಅದೇ ಉದ್ದದ ಚಾನೆಲ್ ಬದಲಾಯಿಸಬಹುದು. ಅದೂ ಬೇಡವೆನ್ನುವವರಿಗೆ ಪೆಟ್ಟಿಗೆಯ ಒಳಗೆ ಸ್ಕ್ರೂ ಹಾಕಿ ಕೂರಿಸುವ ಬಿಡಿ ಡ್ಯಾಂಪರುಗಳೂ ಸಿಗುತ್ತವೆ.

ಹೊಸ ಅಡುಗೆಮನೆ ಮಾಡಿಸುತ್ತಿರುವವರಲ್ಲಿ ಒಂದು ಕೋರಿಕೆ. ಕೊಟೇಶನ್ನಿನಲ್ಲಿ ಪ್ರತಿ ಡ್ರಾಯರಿನ ಮುಂದೆ ಚಾನೆಲ್ಲಿನ ಕಂಪನಿ, ಅದು ಹೊರುವ ಭಾರ, ಸಾಫ್ಟ್ ಕ್ಲೋಸ್ ಇದೆಯೋ ಇಲ್ಲವೋ ಎಂಬುದನ್ನು ಬರೆಸಿಕೊಳ್ಳಿ. ಹಣ ಸಾಲದಿದ್ದರೆ ಹ್ಯಾಂಡಲನ್ನೋ ಲ್ಯಾಮಿನೇಟನ್ನೋ ಅಗ್ಗದ್ದಕ್ಕೆ ಇಳಿಸಿ, ಚಾನೆಲ್ಲನ್ನು ಇಳಿಸಬೇಡಿ. ಕೆಲಸ ಮುಗಿಯಿತೆಂದು ಬಡಗಿ ಕರೆದಾಗ ಪಾತ್ರೆಗಳನ್ನೆಲ್ಲ ತುಂಬಿ, ದಿನವೂ ಅಲ್ಲಿ ಅಡುಗೆ ಮಾಡುವವರಿಂದಲೇ ಒಂದೊಂದು ಡ್ರಾಯರನ್ನೂ ಮೊಣಕಾಲಿನಲ್ಲಿ ತಳ್ಳಿಸಿ ನೋಡಿ. ಅವರು ಒಪ್ಪಿದ ಮೇಲೆಯೇ ಕೊನೆಯ ಕಂತಿನ ಹಣ ಕೊಡಿ.