ಬಲೂನಿಗೆ ತೂಗುಬಿದ್ದ ಕಣ್ಣು

ನೀರು ತುಂಬಿದ ಕೊಳಗದ ತಳದಲ್ಲಿ ನಾಣ್ಯವೊಂದನ್ನು ಹಾಕಿ ಮೇಲಿನಿಂದ ನೋಡಿದರೆ, ನೀರು ನಿಶ್ಚಲವಾಗಿರುವಷ್ಟು ಹೊತ್ತು ಅದರ ಮೇಲಿನ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಬೆರಳಿನಿಂದ ನೀರನ್ನು ತುಸು ಕಲಕಿದೊಡನೆಯೇ, ನಾಣ್ಯ ಇದ್ದಲ್ಲಿಯೇ ಇದ್ದರೂ ನಡುಗಿದಂತೆ ತೋರುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ. ಭೂಮಿಯ ಮೇಲೆ ನಿಂತು ಆಕಾಶವನ್ನು ನೋಡುವ ಖಗೋಳ ವಿಜ್ಞಾನಿಯ ಪಾಡೂ ಇದಕ್ಕಿಂತ ಬೇರೆಯಲ್ಲ. ವಾಯುಮಂಡಲವೆಂಬ ಮಹಾಕೊಳಗದ ತಳದಲ್ಲಿ ಅವನು ಕುಳಿತಿದ್ದಾನೆ. ನೋಡಬೇಕಾದ ವಸ್ತು ಹೊರಗಿದೆ. ನಕ್ಷತ್ರಗಳ ಮಿನುಗು ಕವಿಗೆ ಸೊಗಸು, ವಿಜ್ಞಾನಿಗೆ ತಲೆನೋವು.

ಈ ತೊಂದರೆಯಿಂದ ಪಾರಾಗಬೇಕಾದರೆ ದೂರದರ್ಶಕವನ್ನು ಗಾಳಿಯ ಮೇಲಕ್ಕೆ ಒಯ್ಯಬೇಕು. ಉಪಗ್ರಹದಲ್ಲಿಟ್ಟು ಕಳುಹಿಸಬಹುದು, ಆದರೆ ಅದರ ವೆಚ್ಚ ಅಪಾರ. ಬೆಟ್ಟದ ನೆತ್ತಿಗೆ ಏರಿಸಬಹುದು. ಆದರೆ ಅಲ್ಲಿಯೂ ತಲೆಯ ಮೇಲೆ ಗಾಳಿ ಉಳಿದೇ ಇರುತ್ತದೆ. ಇವೆರಡರ ನಡುವಣ ದಾರಿಯೇ ಬಲೂನು. ಮೊದಲ ಕೃತಕ ಉಪಗ್ರಹ ಮೇಲೇರಿದ ೧೯೫೭ರಲ್ಲಿಯೇ, ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಶ್ವಾರ್ಟ್ಸ್‌ಚೈಲ್ಡ್ ಎಂಬ ವಿಜ್ಞಾನಿ ೧೨ ಅಂಗುಲದ ದೂರದರ್ಶಕವೊಂದನ್ನು ಬಲೂನಿಗೆ ಕಟ್ಟಿ ಸುಮಾರು ೮೦,೦೦೦ ಅಡಿಗಳ ಎತ್ತರಕ್ಕೆ ಕಳುಹಿಸಿದರು. ಅದರಲ್ಲಿ ಮನುಷ್ಯರಿರಲಿಲ್ಲ. ಕುದಿಯುವ ಗಂಜಿಯ ಮೇಲೆ ಗುಳ್ಳೆಗಳು ಎದ್ದು ಮುಳುಗುವಂತೆ ಸೂರ್ಯನ ಮೈಮೇಲೆ ಬಿಸಿ ಅನಿಲವು ಕಾಳುಕಾಳಾಗಿ ಉಕ್ಕುವ ನೋಟವನ್ನು, ಅದುವರೆಗೆ ಭೂಮಿಯಿಂದ ದೊರೆಯದಿದ್ದ ಸ್ಪಷ್ಟತೆಯಲ್ಲಿ ಆ ‘ಸ್ಟ್ರಾಟೊಸ್ಕೋಪ್’ ಸೆರೆಹಿಡಿದು ತಂದಿತು.

ಆದರೆ ಗಾಳಿಯ ಕಾಟ ತಪ್ಪಿದರೆ ಮತ್ತೊಂದು ಕಾಟ ಎದುರಾಗುತ್ತದೆ. ಬಾವಿಗೆ ಇಳಿಬಿಟ್ಟ ಕೊಡವನ್ನು ನೋಡಿದವರಿಗೆ ಅದು ತಿಳಿದೇ ಇದೆ. ಹಗ್ಗದ ತುದಿಯಲ್ಲಿ ಅದು ತಿರುಗುತ್ತದೆ, ತೂಗುತ್ತದೆ. ಬಲೂನಿಗೆ ತೂಗುಬಿದ್ದ ದೂರದರ್ಶಕದ ಗತಿಯೂ ಅದೇ. ತೂಗುವ ಆ ಕೊಡದೊಳಗಿನಿಂದ ಒಂದು ನಕ್ಷತ್ರವನ್ನು ಎವೆಯಿಕ್ಕದೆ ನೋಡುತ್ತಿರಬೇಕು!

ಎಷ್ಟು ಸ್ಥಿರವಾಗಿ ನೋಡಬೇಕು? ಒಂದು ಡಿಗ್ರಿ ಕೋನವನ್ನು ೩,೬೦೦ ಭಾಗ ಮಾಡಿದರೆ ದೊರೆಯುವ ಒಂದು ಭಾಗಕ್ಕೆ ‘ವಿಕಲೆ’ಯೆಂದು ಹೆಸರು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದು ೫ ಕಿಲೋಮೀಟರ್ ದೂರದಲ್ಲಿದ್ದರೆ ಅದರ ಅಗಲ ಸುಮಾರು ಒಂದು ವಿಕಲೆಯಷ್ಟಾಗುತ್ತದೆ. ನೆಲದ ಮೇಲಿನ ಒಳ್ಳೆಯ ವೀಕ್ಷಣಾಲಯಗಳಲ್ಲಿಯೂ ಗಾಳಿಯ ಅಲುಗಾಟದಿಂದ ನಕ್ಷತ್ರದ ಚಿತ್ರ ಸಾಮಾನ್ಯವಾಗಿ ಇಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಬಲೂನಿನ ದೂರದರ್ಶಕ ಇದಕ್ಕಿಂತ ಮಿಗಿಲಾಗಬೇಕಾದರೆ ಅದರ ನಡುಕ ಒಂದು ವಿಕಲೆಗಿಂತ ಎಷ್ಟೋ ಪಾಲು ಕಡಿಮೆಯಿರಬೇಕು.

ಅಮೆರಿಕ, ಕೆನಡಾ, ಇಂಗ್ಲೆಂಡ್ ದೇಶಗಳ ವಿಜ್ಞಾನಿಗಳು ಕೂಡಿ ನಿರ್ಮಿಸಿದ ‘ಸೂಪರ್‌ಬಿಟ್’ ಎಂಬ ದೂರದರ್ಶಕ ಈ ಸಾಧನೆಯನ್ನು ಮಾಡಿ ತೋರಿಸಿತು. ಅದರ ಕನ್ನಡಿಯ ಅಗಲ ಅರ್ಧ ಮೀಟರ್. ಒಂದರೊಳಗೊಂದು ಕೂಡಿಸಿದ ಮೂರು ಚೌಕಟ್ಟುಗಳ ನಡುವೆ ಅದನ್ನು ಇರಿಸಲಾಗಿತ್ತು. ಹೊರಗಿನ ಚೌಕಟ್ಟಿನಲ್ಲಿ ಭಾರವಾದ ಒಂದು ಚಕ್ರ. ಚಕ್ರವನ್ನು ಒಂದು ಕಡೆಗೆ ತಿರುಗಿಸಿದರೆ ಚೌಕಟ್ಟು ಇನ್ನೊಂದು ಕಡೆಗೆ ತಿರುಗುತ್ತದೆ. ಹೀಗೆ ಹಗ್ಗದ ತಿರುಚನ್ನು ಸರಿಪಡಿಸಬಹುದು. ಒಳಗಿನ ಎರಡು ಚೌಕಟ್ಟುಗಳು ಮೇಲುಕೆಳಗಿನ ಮತ್ತು ಅಕ್ಕಪಕ್ಕದ ವಾಲಾಟಗಳನ್ನು ನೋಡಿಕೊಳ್ಳುತ್ತವೆ. ಇಷ್ಟಾದರೂ ಉಳಿಯುವ ಸೂಕ್ಷ್ಮ ಕಂಪನಕ್ಕೆ ಬೆಳಕಿನ ದಾರಿಯಲ್ಲಿ ಪುಟ್ಟ ಕನ್ನಡಿಯೊಂದಿದೆ. ಮಾರ್ಗದರ್ಶಿಯಾಗಿ ಆರಿಸಿಕೊಂಡ ನಕ್ಷತ್ರ ಎಡಕ್ಕೆ ಸರಿದರೆ ಆ ಕನ್ನಡಿ ಕ್ಷಣಮಾತ್ರದಲ್ಲಿ ಬಾಗಿ ಅದನ್ನು ಬಲಕ್ಕೆ ತರುತ್ತದೆ. ೨೦೧೯ರಲ್ಲಿ ಕೆನಡಾದ ಟಿಮ್ಮಿನ್ಸ್ ಎಂಬಲ್ಲಿಂದ ನಡೆದ ಪರೀಕ್ಷಾ ಹಾರಾಟದಲ್ಲಿ ಐದು ನಿಮಿಷಗಳ ಕಾಲ ಚಿತ್ರವು ವಿಕಲೆಯ ಇಪ್ಪತ್ತರಲ್ಲೊಂದು ಭಾಗದಷ್ಟು ಮಾತ್ರ ಅಲುಗಿತು. ಮೇಲೆ ಹೇಳಿದ ನಾಣ್ಯವನ್ನು ೧೦೦ ಕಿಲೋಮೀಟರ್ ಆಚೆ ಇಟ್ಟರೆ ಎಷ್ಟು ಅಗಲವೋ ಅಷ್ಟು!

ಇಷ್ಟೊಂದು ಸ್ಥಿರತೆ ಏಕೆ ಬೇಕೆಂದರೆ, ಸೂಪರ್‌ಬಿಟ್ ಹುಡುಕಹೊರಟದ್ದು ಕಣ್ಣಿಗೆ ಕಾಣದ ವಸ್ತುವನ್ನು. ವಿಶ್ವದಲ್ಲಿರುವ ದ್ರವ್ಯದ ಬಹುಭಾಗ ಬೆಳಕನ್ನು ಬೀರುವುದಿಲ್ಲ, ತಡೆಯುವುದೂ ಇಲ್ಲ. ಆದರೆ ಅದರ ಗುರುತ್ವವು ತನ್ನ ಹಿಂದಿನಿಂದ ಬರುವ ಬೆಳಕನ್ನು ಬಾಗಿಸುತ್ತದೆ. ಇದರಿಂದ ಬಹುದೂರದ ಗೆಲಾಕ್ಸಿಗಳ ಆಕಾರ ತುಸುವೇ ತುಸು ಸೊಟ್ಟಗಾಗಿ ಕಾಣುತ್ತದೆ. ಆ ಸೊಟ್ಟನ್ನು ಅಳೆದು ಕಾಣದ ದ್ರವ್ಯ ಎಲ್ಲಿದೆಯೆಂದು ಲೆಕ್ಕ ಹಾಕಬೇಕು. ನೋಡುವ ಕಣ್ಣೇ ನಡುಗಿದರೆ, ಸೊಟ್ಟು ಗೆಲಾಕ್ಸಿಯದೋ ಕಣ್ಣಿನದೋ ತಿಳಿಯುವ ಬಗೆಯೆಂತು?

ದೀರ್ಘಕಾಲದ ಹಾರಾಟಕ್ಕೆ ತಕ್ಕ ಬಲೂನೂ ಬೇಕಾಗಿತ್ತು. ಸಾಮಾನ್ಯ ಬಲೂನಿನ ಬುಡ ತೆರೆದಿರುತ್ತದೆ. ರಾತ್ರಿ ಅದರೊಳಗಿನ ಅನಿಲ ತಣಿದು ಕುಗ್ಗಿದಾಗ ಬಲೂನು ಕೆಳಗಿಳಿಯುತ್ತದೆ. ಮತ್ತೆ ಮೇಲೇರಲು ಭಾರವನ್ನು ಚೆಲ್ಲಬೇಕು. ಚೆಲ್ಲುವ ಭಾರ ಮುಗಿದರೆ ಹಾರಾಟವೂ ಮುಗಿಯಿತು. ಇದಕ್ಕೆ ಬದಲಾಗಿ ನಾಸಾ ಸಂಸ್ಥೆ ಕುಂಬಳಕಾಯಿಯ ಆಕಾರದ, ಬಾಯಿ ಮುಚ್ಚಿದ ಬಲೂನನ್ನು ರೂಪಿಸಿದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಯಾವಾಗಲೂ ಹೆಚ್ಚಾಗಿರುವುದರಿಂದ ಹಗಲಿರುಳೆನ್ನದೆ ಅದರ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಎತ್ತರವೂ ಬಹುಮಟ್ಟಿಗೆ ಬದಲಾಗುವುದಿಲ್ಲ.

೨೦೨೩ರ ಏಪ್ರಿಲ್ ತಿಂಗಳಲ್ಲಿ ನ್ಯೂಜಿಲೆಂಡಿನ ವಾನಾಕಾದಿಂದ ಸೂಪರ್‌ಬಿಟ್ ಮೇಲೇರಿತು. ಸುಮಾರು ೩೩ ಕಿಲೋಮೀಟರ್ ಎತ್ತರದಲ್ಲಿ, ವಾಯುಮಂಡಲದ ೧೦೦ರಲ್ಲಿ ೯೯.೫ ಪಾಲನ್ನು ಕೆಳಗೆ ಬಿಟ್ಟು, ೪೦ ದಿನಗಳಲ್ಲಿ ದಕ್ಷಿಣಾರ್ಧಗೋಲವನ್ನು ಐದು ಸಲ ಸುತ್ತಿತು. ಹಗಲು ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಕೂಡಿಟ್ಟುಕೊಂಡು ಇರುಳೆಲ್ಲ ಚಿತ್ರಗಳನ್ನು ತೆಗೆಯಿತು. ಟರಂಟುಲಾ ನೀಹಾರಿಕೆಯ ಚಿತ್ರವನ್ನೂ, ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿರುವ ಎರಡು ಗೆಲಾಕ್ಸಿಗಳ ಚಿತ್ರವನ್ನೂ ಕಂಡು ಜನ ಬೆರಗಾದರು.

ಆದರೆ ಚಿತ್ರ ತೆಗೆದರೆ ಸಾಲದು, ಅದು ಕೈಗೆ ಬರಬೇಕು. ಉಪಗ್ರಹಗಳ ಮೂಲಕ ಏರ್ಪಡಿಸಿದ್ದ ಸಂಪರ್ಕ ಹಾರಾಟದ ನಡುವೆ ಕೆಟ್ಟಿತು. ನಲವತ್ತು ಇರುಳುಗಳ ದುಡಿಮೆಯ ಬಹುಭಾಗ ಮೇಲೆಯೇ ಉಳಿಯಿತು. ಇಂಥ ದಿನ ಬಂದೀತೆಂದು ಊಹಿಸಿದ್ದವರು ಇದ್ದರು. ದೂರದರ್ಶಕದ ಪಕ್ಕದಲ್ಲಿ ಅವರು ನಾಲ್ಕು ಸಣ್ಣ ಪೆಟ್ಟಿಗೆಗಳನ್ನು ಕಟ್ಟಿ ಕಳುಹಿಸಿದ್ದರು. ಪ್ರತಿಯೊಂದರಲ್ಲಿಯೂ ಚಿತ್ರಗಳ ನಕಲನ್ನು ಇಡುವ ಸಾಧನ, ತಾನೆಲ್ಲಿದ್ದೇನೆಂದು ತಿಳಿಸುವ ಪ್ರೇಷಕ ಮತ್ತು ಒಂದು ಪ್ಯಾರಾಷೂಟು. ಹಾರಾಟ ಮುಗಿಯುವ ಮುನ್ನ ಎರಡು ಪೆಟ್ಟಿಗೆಗಳನ್ನು ಅರ್ಜೆಂಟೀನದ ಮೇಲೆ ಕೆಳಗೆ ಬಿಡಲಾಯಿತು. ಗಾಳಿ ಅವನ್ನು ೬೧ ಕಿಲೋಮೀಟರ್ ದೂರ ತೇಲಿಸಿಕೊಂಡು ಹೋಯಿತು. ಆದರೂ ಅವು ಬಿದ್ದದ್ದು ವಿಜ್ಞಾನಿಗಳು ಲೆಕ್ಕ ಹಾಕಿದ್ದ ಸ್ಥಳದಿಂದ ೨.೪ ಕಿಲೋಮೀಟರ್ ಒಳಗೇ. ಹುಡುಕಿಕೊಂಡು ಹೋದವರಿಗೆ ಒಂದು ಪೆಟ್ಟಿಗೆಯ ಬಳಿ ಪ್ಯೂಮಾ ಎಂಬ ಕಾಡುಮೃಗದ ಹೆಜ್ಜೆಗುರುತುಗಳು ಕಂಡವು. ಪೆಟ್ಟಿಗೆ ಮಾತ್ರ ಕ್ಷೇಮವಾಗಿತ್ತು.

ದೂರದರ್ಶಕಕ್ಕೆ ಆ ಭಾಗ್ಯವಿರಲಿಲ್ಲ. ನೆಲ ಮುಟ್ಟಿದ ಬಳಿಕ ಅದರ ಪ್ಯಾರಾಷೂಟು ಕಳಚಿಕೊಳ್ಳಲಿಲ್ಲ. ಗಾಳಿ ತುಂಬಿದ ಆ ಬಟ್ಟೆ ಯಂತ್ರವನ್ನು ನೆಲದ ಮೇಲೆ ದರದರನೆ ಎಳೆದುಕೊಂಡು ಹೋಯಿತು. ವಿಕಲೆಯ ಇಪ್ಪತ್ತರಲ್ಲೊಂದು ಭಾಗವೂ ಕದಲದೆ ನಿಲ್ಲಬಲ್ಲ ಸಾಧನ ಚೂರುಚೂರಾಯಿತು. ಆದರೆ ಅದು ಕಂಡದ್ದೆಲ್ಲವೂ ಆ ಪೆಟ್ಟಿಗೆಗಳಲ್ಲಿ ಉಳಿದಿತ್ತು.

ಆಕಾಶದಿಂದ ಯಂತ್ರವೊಂದು ಹೀಗೆ ಹೊಲಕ್ಕೆ ಇಳಿದು ಬರುವುದು ಕನ್ನಡ ನಾಡಿಗೂ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಹೈದರಾಬಾದಿನಲ್ಲಿದೆ. ಒಂದು ಮೀಟರ್ ಕನ್ನಡಿಯ ದೂರದರ್ಶಕವೊಂದು ಅಲ್ಲಿಂದ ಹಲವು ಬಾರಿ ಮೇಲೇರಿ, ನಕ್ಷತ್ರಗಳು ಹುಟ್ಟುವ ಮೋಡಗಳಿಂದ ಬರುವ ಅವರಕ್ತ ಕಿರಣಗಳನ್ನು ಅಳೆದಿದೆ. ಗಾಳಿಯಲ್ಲಿನ ನೀರಾವಿ ಹೀರಿಕೊಳ್ಳುವುದರಿಂದ ಆ ಕಿರಣಗಳು ನೆಲವನ್ನು ಮುಟ್ಟುವುದೇ ಇಲ್ಲ. ಈ ಕೇಂದ್ರದ ಬಲೂನುಗಳು ಹೊತ್ತ ಉಪಕರಣಗಳು ಪ್ಯಾರಾಷೂಟಿನಲ್ಲಿ ಇಳಿಯುವಾಗ ತೆಲಂಗಾಣ, ಮಹಾರಾಷ್ಟ್ರ, ಕರ್ನಾಟಕಗಳ ಹಳ್ಳಿಗಳ ಬಳಿ ಬೀಳುವುದುಂಟು. ೨೦೨೫ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ ಅಂಥದೊಂದು ಬಲೂನು ಇಳಿದಾಗ ಊರಿಗೆ ಊರೇ ನೆರೆದಿತ್ತು. ಪೆಟ್ಟಿಗೆಯನ್ನು ಬಿಚ್ಚಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ತಿಳಿಸಿದವರಿಗೆ ಬಹುಮಾನವುಂಟು ಎಂದು ಕೇಂದ್ರವು ಸಾರ್ವಜನಿಕರನ್ನು ಕೇಳಿಕೊಳ್ಳುತ್ತ ಬಂದಿದೆ.

ಈ ಕೋರಿಕೆ ಚಿಕ್ಕದೆನಿಸಬಹುದು. ಆದರೆ ನಕ್ಷತ್ರದಿಂದ ಹೊರಟ ಬೆಳಕು ಸಾವಿರಾರು ವರ್ಷ ನಡೆದು ಬಲೂನಿನ ಕನ್ನಡಿಯನ್ನು ಸೇರಿದರೂ, ವಿಜ್ಞಾನಿಯ ಮೇಜನ್ನು ಮುಟ್ಟುವ ಮುನ್ನ ಅದು ಯಾವುದೋ ಹೊಲದ ಬದುವನ್ನು ದಾಟಬೇಕು. ಅಲ್ಲಿ ಆ ಪೆಟ್ಟಿಗೆಯನ್ನು ಮೊದಲು ಕಂಡ ರೈತ ಅದನ್ನು ಬಿಚ್ಚದೆ ಕಾದಿಟ್ಟರೆ, ಅವನೂ ಆ ನಕ್ಷತ್ರವನ್ನು ಕಂಡವರಲ್ಲಿ ಒಬ್ಬನಾದಂತೆಯೇ.